ಗುಂಡಿಗಳ ಕೆಳಗಿನ ಏಳು ಮನೆ

ಕಳೆದ ತಿಂಗಳು ಶಿರಸಿಯಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಬದಲಾಗುತ್ತಿರುವ ಹವಾಮಾನಕ್ಕೆ ಹಳ್ಳಿಗಳು ಹೊಂದಿಕೊಳ್ಳುವುದು ಹೇಗೆ ಎಂಬುದು ವಿಷಯ. ಒಳಗೆ ಪರದೆಯ ಮೇಲೆ ನಕ್ಷೆಗಳು ಬಂದು ಹೋಗುತ್ತಿದ್ದವು. ಹೊರಗಿನ ಗೋಡೆಯ ಮೇಲೆ ಸಿದ್ದಾಪುರದ ಕಡೆಯ ಇಬ್ಬರು ಹೆಂಗಸರು ಚಿತ್ತಾರ ಬರೆಯುತ್ತಿದ್ದರು. ಊಟದ ಬಿಡುವಿನಲ್ಲಿ ಅವರ ಪಕ್ಕ ನಿಂತಾಗ, ತೆಂಗಿನ ಚಿಪ್ಪಿನಲ್ಲಿ ಕಲಸಿಟ್ಟಿದ್ದ ಶೇಡಿಯ ವಾಸನೆ ಬಂತು. ಶೇಡಿ ಎಂದರೆ ಈ ಸೀಮೆಯ ಗುಡ್ಡಗಳಲ್ಲಿ ಕೆಂಪು ಮಣ್ಣಿನಡಿ ಪದರವಾಗಿ ಸಿಗುವ ಬಿಳಿ ಜೇಡಿಮಣ್ಣು. ಒದ್ದೆಯಾದಾಗ ಅದಕ್ಕೆ ಹಳೆಯ ಬಾವಿಯೊಳಗೆ ಬಗ್ಗಿದಾಗ ಬರುವಂಥ ತಣ್ಣನೆಯ ವಾಸನೆ ಇರುತ್ತದೆ. ಒಂದು ಮಳೆಗಾಲದಲ್ಲಿ ಆ ವಾಸನೆ ಒಂದು ಇಡೀ ಗುಡ್ಡದಿಂದ ಹೊರಟದ್ದನ್ನು ನಾನು ಕಂಡಿದ್ದೇನೆ. ಆ ಮಳೆಗಾಲದ ಬಗ್ಗೆ ನಾನು ಆಗ ದುಡಿಯುತ್ತಿದ್ದ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಎರಡು ಸಾಲು ಇದೆ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಆಗ ಒಂದು ಸ್ವಯಂಸೇವಾ ಸಂಸ್ಥೆಯ ಕ್ಷೇತ್ರ ಕಾರ್ಯಕರ್ತೆ. ಹುಟ್ಟಿದ್ದು ಹಾವೇರಿಯ ಕಡೆ, ಓದಿದ್ದು ಧಾರವಾಡದಲ್ಲಿ. ಅನ್ಯಾಯ ಕಂಡರೆ ಅದು ಯಾರದೆಂದು ಹೆಸರು ಹಿಡಿದು ಹೇಳಬೇಕೆಂದು ಕಲಿಸಿದ ಮನೆ ನಮ್ಮದು. ಶಿರಸಿಯ ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದು, ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳನ್ನು ಸುತ್ತುತ್ತಿದ್ದೆ. ಮಳೆಯ ನೀರು ಹರಿದು ಹೋಗದಂತೆ ಇಂಗುಗುಂಡಿ ತೋಡಿಸುವುದು ನಮ್ಮ ಯೋಜನೆ. ಅದಕ್ಕೆ ಕಾರಣವಿತ್ತು. ಮಳೆ ಸ್ವಭಾವ ಬದಲಿಸಿತ್ತು. ಮೃಗಶಿರದಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಸೋನೆಯಾಗಿ ಸುರಿದು ನೆಲಕ್ಕೆ ನಿಧಾನವಾಗಿ ಇಳಿಯುತ್ತಿತ್ತು ಎಂದು ಹಿರಿಯರು ಹೇಳುತ್ತಿದ್ದರು. ನಾನು ಕಂಡ ವರ್ಷಗಳಲ್ಲಿ ಜೂನ್ ಪೂರ್ತಿ ಬಿಸಿಲಿರುತ್ತಿತ್ತು. ಆಮೇಲೆ ನಾಲ್ಕೈದು ದಿನಗಳಲ್ಲಿ ಆಕಾಶವೇ ಕಳಚಿದಂತೆ ಹೊಯ್ದು ನೀರೆಲ್ಲ ಹಳ್ಳ ಸೇರುತ್ತಿತ್ತು. ಮಾರ್ಚಿಗೆ ಒರತೆಗಳು ಒಣಗುತ್ತಿದ್ದವು. ಮಲೆನಾಡಿನ ಹಳ್ಳಿಗೆ ಟ್ಯಾಂಕರಿನಲ್ಲಿ ನೀರು ಬರುವುದನ್ನು ಕಂಡಾಗ ನನಗೆ ಸಿಟ್ಟು ಬಂದಿತ್ತು. ಈ ಗಾಳಿಯನ್ನು ಕೆಡಿಸಿದವರು ಎಲ್ಲೋ ಇದ್ದರು, ಕೊಡ ಹಿಡಿದು ಸಾಲಿನಲ್ಲಿ ನಿಂತವರು ಇಲ್ಲಿದ್ದರು. ಆ ಸಿಟ್ಟು ಸರಿಯಾದದ್ದೇ ಆಗಿತ್ತು. ಸರಿಯಾದ ಸಿಟ್ಟಿನಿಂದ ಹೊರಟವಳು ತಪ್ಪು ಕೆಲಸ ಮಾಡಲಾರಳು ಎಂದು ಮಾತ್ರ ನಾನು ತಿಳಿದಿದ್ದೆ.

ಆ ವರ್ಷ ನಮ್ಮ ಪಟ್ಟಿಗೆ ಸಿದ್ದಾಪುರ ತಾಲೂಕಿನ ಒಂದು ಕೇರಿ ಸೇರಿತು. ಬಸ್ಸಿಳಿದು ಒಂದು ಗಂಟೆ ನಡೆಯಬೇಕು. ಕಡಿದಾದ ಗುಡ್ಡ, ಅದರ ಬುಡದಲ್ಲಿ ಏಳು ಮನೆ, ಮನೆಗಳ ಮುಂದೆ ಇಳಿಜಾರಾಗಿ ಹೋಗುವ ಭತ್ತದ ಗದ್ದೆ. ಏಳೂ ಮನೆ ನಾಯ್ಕರ ಕುಟುಂಬಗಳದ್ದು, ಒಬ್ಬರಿಗೊಬ್ಬರು ನೆಂಟರು. ಅಜ್ಜಂದಿರ ಕಾಲದಿಂದ ಅಲ್ಲಿದ್ದರೂ ಆ ನೆಲ ದಾಖಲೆಯಲ್ಲಿ ಅರಣ್ಯ. ಆದ್ದರಿಂದ ಅವರು ಅತಿಕ್ರಮಣದಾರರು. ವೋಟಿನ ಪಟ್ಟಿಯಲ್ಲಿ ಅವರ ಹೆಸರಿತ್ತು. ಪಂಚಾಯಿತಿಯ ಮನೆಪಟ್ಟಿಯಲ್ಲಿ ಮನೆ ಇರಲಿಲ್ಲ. ಅವರು ಗುಡ್ಡದ ಬುಡವನ್ನು ಆಯ್ದುಕೊಂಡವರಲ್ಲ. ಸಮತಟ್ಟಾದ ನೆಲವೆಲ್ಲ ಬೇರೆಯವರದಾಗಿದ್ದುದರಿಂದ ಅಲ್ಲಿಗೆ ಒತ್ತಲ್ಪಟ್ಟವರು. ಇದು ಮೊದಲ ಅನ್ಯಾಯ, ಮುಂದಿನವೆಲ್ಲ ಇದರ ಮೇಲೆ ನಿಂತವು.

ಮೇಲಿನ ಗುಡ್ಡ ತೋಟಕ್ಕೆ ಸೊಪ್ಪು ತರಲು ಬಿಟ್ಟ ಬೆಟ್ಟ. ಅದರ ಹಕ್ಕು ಆಚೆ ಬದಿಯ ಗಣಪತಿ ಹೆಗಡೆಯವರ ಮನೆತನದ್ದು. ಗುಂಡಿ ತೋಡಲು ಅವರ ಒಪ್ಪಿಗೆ ಬೇಕಿತ್ತು. ಏಪ್ರಿಲಿನಲ್ಲಿ ಅವರ ಮನೆಯ ಜಗಲಿಯ ಮೇಲೆ ಸಭೆ ಸೇರಿಸಿದೆ. ನೆರಳಿತ್ತು, ಕುರ್ಚಿಗಳಿದ್ದವು, ಅದಕ್ಕೇ ಅಲ್ಲಿ ಸೇರಿಸಿದೆ. ಕೇರಿಯ ಗಂಡಸರು ಜಗಲಿಯ ಅಂಚಿಗೆ ಕೂತರು, ಹೆಂಗಸರು ಕೆಳಗೆ ಅಂಗಳದ ಬಿಸಿಲಿನಲ್ಲಿ ನಿಂತರು. ಹೆಂಗಸರು ಕೆಳಗೇ ನಿಂತ ಸಭೆಯನ್ನು ಸಭೆಯೆನ್ನಬಾರದು ಎಂದು ನಾನೇ ಎಷ್ಟೋ ಕಡೆ ಭಾಷಣ ಮಾಡಿದವಳು. ಆ ದಿನ ನನಗೆ ಸಹಿ ಬೇಕಿತ್ತು, ಸುಮ್ಮನಿದ್ದೆ.

"ನಮ್ಮ ಬಾವಿ ಮಾರ್ಚಿಗೇ ತಳ ಕಾಣ್ತದೆ ಮೇಡಂ," ಎಂದರು ಹೆಗಡೆಯವರು. "ನೀರು ನಿಲ್ಲಿಸುದು ಒಳ್ಳೇ ಕೆಲಸ. ನನ್ನದೇನೂ ಅಡ್ಡಿ ಇಲ್ಲ. ಎಂತದೋ ಗುತ್ಯಪ್ಪ, ನಿಮ್ಮ ಕೇರಿದು?"

ಗುತ್ಯಪ್ಪ ಕೇರಿಯ ಪರವಾಗಿ ಮಾತಾಡುವವನು, ನಲವತ್ತರ ಆಸುಪಾಸಿನ ಗಟ್ಟಿ ಆಳು. "ನೀವ್ ಹೂಂ ಅಂದ್ ಮ್ಯಾಲೆ ನಮ್ದೆಂತ ಐತೆ ಒಡೆಯಾ," ಎಂದ. "ಬ್ಯಾಸಗೀಲಿ ಕೂಲಿನೂ ಸಿಕ್ತೈತೆ."

ಅಷ್ಟಕ್ಕೆ ಸಭೆ ಮುಗಿಯಿತು. ಹಿಂದಿರುಗುವಾಗ ಗುತ್ಯಪ್ಪನ ಅತ್ತಿಗೆ ಬಂಗಾರಮ್ಮ ನನ್ನ ಜೊತೆ ನಡೆಯುತ್ತ ಬಂದಳು. ಐವತ್ತು ದಾಟಿದ ವಿಧವೆ. ಏಳು ಮನೆಗಳಲ್ಲಿ ಗುಡ್ಡಕ್ಕೆ ಅತಿ ಹತ್ತಿರದ ಮನೆ ಅವಳದು. ಕೆಂಪು ಮಣ್ಣು ಬಳಿದ ಅದರ ಗೋಡೆಯ ಮೇಲೆ ಬಿಳಿ ಎಳೆಗಳ ಚಿತ್ತಾರ ಇತ್ತು. ನಾನು ಅದರ ಮುಂದೆ ನಿಂತು ಒಂದು ಫೋಟೊ ಕೂಡ ತೆಗೆಸಿಕೊಂಡಿದ್ದೆ.

"ಅಕ್ಕೋರೆ, ಒಂದ್ ಮಾತ್ ಹೇಳ್ತೆ, ಸಿಟ್ ಮಾಡ್ಬ್ಯಾಡಿ," ಎಂದಳು. ಆ ಕಡೆ ಶಾಲೆಯ ಮೇಡಂಗಳಿಗೆ ಅಕ್ಕೋರು ಎನ್ನುತ್ತಾರೆ. ನನ್ನನ್ನೂ ಹಾಗೇ ಕರೆಯುತ್ತಿದ್ದರು. "ಆ ಗುಡ್ಡೇಲಿ ಗುಂಡಿ ಬ್ಯಾಡ."

"ಯಾಕ್ರಿ ಬಂಗಾರಮ್ಮ?"

"ಒಳಗೆ ಶೇಡಿ ಐತೆ. ನಾವು ವರ್ಷಾ ವರ್ಷಾ ದೀವಳ್ಗೆಗೆ ಗ್ವಾಡೆಗೆ ಬರ್ಯಾಕೆ ತೋಡಿ ತರ್ತೀವಲ, ಗೊತ್ತೈತೆ. ಮೊಣಕಾಲಷ್ಟು ಕೆಂಪ್ ಮಣ್ಣು, ಅದ್ರ ಅಡಿಗೆ ಎಲ್ಲಾ ಶೇಡಿನೇ. ಶೇಡಿ ನೀರ್ ಕುಡ್ಯಾದಿಲ್ಲ."

"ನಿಧಾನಕ ಇಂಗತದ್ರಿ. ಬ್ಯಾಸಗಿಗೆ ನಿಮ್ಮ ಒರತೀಗೆ ಬರತದ."

"ಬರ್ತೈತೆ. ಗುಡ್ಡೆನೂ ಸಂಗಡ ಕರ್ಕಂಡ್ ಬರ್ತೈತೆ."

ನಾನು ನಕ್ಕೆ. ಅವಳು ನಗಲಿಲ್ಲ. "ಅಲ್ಲೇ ಹೇಳಬೇಕಿತ್ತಲ್ರಿ, ಸಭಾದಾಗ," ಎಂದೆ. "ಅಲ್ಲಾ? ಒಡೇರ ಅಂಗಳದಾಗ ನಿಂತ್ಕಂಡಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ತನ್ನ ಮನೆಯ ದಾರಿ ಹಿಡಿದಳು.

ನನಗೆ ತರಬೇತಿಯಲ್ಲಿ ಕೊಟ್ಟ ಕೈಪಿಡಿಯಲ್ಲಿ ಮಣ್ಣಿನ ಆಳ ನೋಡಬೇಕೆಂದು ಇತ್ತು. ನಾವು ನೋಡಿದ್ದೆವು, ಗುಡ್ಡದ ಬುಡದಲ್ಲಿ, ರಸ್ತೆಗೆ ಕಡಿದ ಜಾಗದಲ್ಲಿ, ನಡೆಯಲು ಅನುಕೂಲವಾದ ಕಡೆ. ಅಲ್ಲಿ ಗಟ್ಟಿ ಕೆಂಪುಕಲ್ಲು ಇತ್ತು. ಹೆಂಗಸರು ಶೇಡಿ ತೆಗೆಯುವ ಹೊಂಡ, ನಮ್ಮ ಗುಂಡಿಗಳ ಸಾಲಿನಿಂದ ಕೂಗಳತೆಯಲ್ಲಿ ಬಾಯಿ ತೆರೆದು ಕೂತಿತ್ತು. ಅದು ನಮ್ಮ ಕಣ್ಣಿಗೆ ಗೋಡೆಯ ಅಲಂಕಾರದ ಸಾಮಾನು ಸಿಗುವ ಜಾಗವಾಗಿತ್ತೇ ಹೊರತು ಮಣ್ಣಿನ ಪರೀಕ್ಷೆಯ ಗುಂಡಿಯಾಗಿ ಕಾಣಲಿಲ್ಲ. ಹೆಂಗಸರಿಗೆ ತಿಳಿದದ್ದನ್ನು ಕಲೆ ಎಂದು ಹೊಗಳಿ ಪಕ್ಕಕ್ಕಿಡುವುದು ನಮ್ಮಂಥವರ ಸಭ್ಯ ರೂಪದ ತಿರಸ್ಕಾರ. ಹುಲೇಕಲ್ ಕಡೆಯ ಸಮತಟ್ಟಾದ ನೆಲದಲ್ಲಿ ಹಿಂದಿನ ವರ್ಷ ತೋಡಿದ ಗುಂಡಿಗಳು ಫಲ ಕೊಟ್ಟಿದ್ದವು. ಅಲ್ಲಿ ಆದದ್ದು ಇಲ್ಲೇಕೆ ಆಗದು ಎಂದುಕೊಂಡೆ.

ಮೇ ಮುಗಿಯುವುದರೊಳಗೆ ಇಳಿಜಾರಿಗೆ ಅಡ್ಡಡ್ಡಲಾಗಿ ಅರವತ್ತು ಗುಂಡಿ ಆದವು. ಇನ್ನೊಂದು ಕೆಲಸವನ್ನೂ ಮಾಡಿಸಿದೆ. ಆ ಕೇರಿಯಲ್ಲಿ ಒಂದು ರೂಢಿ ಇತ್ತು. ಪ್ರತಿ ವರ್ಷ ಮೃಗಶಿರ ಮಳೆ ಹೂಡುವ ಮೊದಲು ಮನೆಗೊಬ್ಬರಂತೆ ಗುಡ್ಡ ಹತ್ತಿ, ಅದರ ಮೈಗೆ ಓರೆಯಾಗಿ ತೆಗೆದ ಒಂದು ಕಾಲುವೆಯ ಕಸ, ಹೂಳು ತೆಗೆದು ಬರುತ್ತಿದ್ದರು. ಮೇಲಿಂದ ಇಳಿದ ನೀರು ಆ ಓರೆಗಾಲುವೆಗೆ ಬಿದ್ದು, ಕೇರಿಯನ್ನು ತಪ್ಪಿಸಿ, ಪಕ್ಕದ ಹಳ್ಳಕ್ಕೆ ಹೋಗುತ್ತಿತ್ತು. ಆ ಕೆಲಸಕ್ಕೆ ಬಾರದ ಮನೆಯವರನ್ನು ಹಬ್ಬದ ಊಟಕ್ಕೆ ಕರೆಯುತ್ತಿರಲಿಲ್ಲ, ಅಷ್ಟು ಕಟ್ಟುನಿಟ್ಟು. ನಮ್ಮ ಲೆಕ್ಕದಲ್ಲಿ ಅದು ನೀರನ್ನು ಪೋಲು ಮಾಡುವ ಕಾಲುವೆ. ಅದಕ್ಕೆ ಮೂರು ಕಡೆ ಕಲ್ಲಿನ ತಡೆ ಕಟ್ಟಿಸಿದೆ. ಆ ವರ್ಷ ಗುಡ್ಡ ಹತ್ತಿ ಕಾಲುವೆ ಬಿಡಿಸುವ ದಿನವೇ ಇಲ್ಲವಾಯಿತು.

ಜೂನ್ ಒಣಗಿತ್ತು. ಸಸಿಮಡಿಯ ಭತ್ತ ಹಳದಿಯಾಯಿತು. ಆರಿದ್ರಾ ಮಳೆ ಹನಿಸಿ ಹೋಯಿತು. ಗುಂಡಿಗಳಲ್ಲಿ ಎಲೆ ತುಂಬಿತು. ಗುತ್ಯಪ್ಪ ನನ್ನನ್ನು ಕಂಡಾಗಲೆಲ್ಲ "ಅಕ್ಕೋರೆ, ಗುಂಡಿ ಬಾಯಿ ಕಳ್ಕಂಡ್ ಕೂತೈತೆ, ಎಂತಾರೂ ಹಾಕಿ," ಎಂದು ನಗುತ್ತಿದ್ದ. ಪುಷ್ಯ ಮಳೆಯ ಎರಡನೆಯ ದಿನ, ಜುಲೈ ಇಪ್ಪತ್ತರ ಆಸುಪಾಸಿನಲ್ಲಿ, ಮಳೆ ಹಿಡಿಯಿತು. ಶಿರಸಿಯ ಕೋಣೆಯಲ್ಲಿ ಹೆಂಚಿನ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಅರವತ್ತೂ ಗುಂಡಿ ತುಂಬಿದ್ದವು. ಚಹಾದ ಬಣ್ಣದ ನೀರು, ಅದರ ಮೇಲೆ ಮಳೆಯ ಹನಿ. ಒಂದೊಂದರ ಫೋಟೊ ತೆಗೆದು ಕಚೇರಿಗೆ ಕಳಿಸಿದೆ. ನನಗೆ ಆಗ ಆದ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ.

ಮತ್ತೂ ಒಂದು ದಿನ ಮಳೆ ಬಿಡಲಿಲ್ಲ. ಮೂರನೆಯ ಬೆಳಿಗ್ಗೆ ಬಂಗಾರಮ್ಮ ನನ್ನನ್ನು ತನ್ನ ಮನೆಯ ಹಿಂದಕ್ಕೆ ಕರೆದೊಯ್ದಳು. ಗುಡ್ಡದ ಬುಡದಲ್ಲಿ, ಬಚ್ಚಲ ಗೋಡೆಯ ಪಕ್ಕ, ಬೆರಳು ಗಾತ್ರದ ಬುಗ್ಗೆ ಎದ್ದಿತ್ತು. ಮಾರ್ಚಿನಲ್ಲಿ ಒಣಗಿದ್ದ ಒರತೆಯ ಜಾಗ ಅದರಿಂದ ಹತ್ತು ಹೆಜ್ಜೆ.

"ಒರತಿ ಬಂತಲ್ರಿ," ಎಂದೆ.

"ಬಣ್ಣ ನೋಡಿ ಮೊದ್ಲು."

ಬಗ್ಗಿ ನೋಡಿದೆ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಕೈಗೆ ನುಣುಪಾಗಿ ಅಂಟಿತು. ಆ ತಣ್ಣನೆಯ ವಾಸನೆ ಹಿತ್ತಲ ತುಂಬ ಹರಡಿತ್ತು.

"ಒರತೆ ನೀರಲ್ಲ ಇದು," ಎಂದಳು ಬಂಗಾರಮ್ಮ. "ಗುಡ್ಡೆ ಒಳಗಿನ ಶೇಡಿ ಕರಗಿ ಬರಾಕ್ ಹತ್ತೈತೆ. ಮ್ಯಾಲೆ ಕೂತ ಮಣ್ಣಿಗೆ ಕೂರಾಕ್ ಜಾಗ ಇರಾದಿಲ್ಲ ಇನ್ನ."

ಗುತ್ಯಪ್ಪನೊಂದಿಗೆ ಗುಡ್ಡ ಹತ್ತಿದೆ. ಮೇಲಿನ ಗುಂಡಿಗಳ ಸಾಲಿನ ಹಿಂದೆ ನೆಲ ಬಿರುಕು ಬಿಟ್ಟಿತ್ತು. ಬೇಸಿಗೆಯ ಬಿರುಕಲ್ಲ, ಗುಡ್ಡದ ಅಗಲಕ್ಕೂ ಬಾಗಿ ಹೋದ, ಹುಬ್ಬಿನ ಆಕಾರದ ಒಂದು ಸೀಳು. ಗುತ್ಯಪ್ಪ ಕೋಲು ಇಳಿಸಿದ, ಮೊಣಕಾಲಿನಷ್ಟು ಇಳಿಯಿತು. ಯಲ್ಲಾಪುರದ ಕಡೆ ಗುಡ್ಡ ಜಾರಿದ ಜಾಗಗಳನ್ನು ನಾನು ನೋಡಿದ್ದೆ, ಜಾರುವ ಮೊದಲು ಹೇಗಿರುತ್ತದೆಂದು ನೋಡಿರಲಿಲ್ಲ.

ಏಳೂ ಮನೆಯವರು, ಮಕ್ಕಳು, ದನ, ಎಲ್ಲ ಆ ಮಧ್ಯಾಹ್ನವೇ ಅರ್ಧ ಮೈಲಿ ಆಚೆಯ ಶಾಲೆಗೆ ಹೊರಟರು. ಅದಕ್ಕೆ ನಾನು ಹೇಳಬೇಕಾಗಲಿಲ್ಲ; ಬಂಗಾರಮ್ಮ ಆಗಲೇ ಮಡಕೆ, ಚಾಪೆ ಕಟ್ಟಿಸಿದ್ದಳು. ಉಳಿದದ್ದು ಗುಡ್ಡ. ಗುಂಡಿಗಳ ಒಂದು ಬದಿ ಕಡಿದು, ಕಲ್ಲಿನ ತಡೆ ಕಿತ್ತು, ನೀರನ್ನು ಓರೆಗಾಲುವೆಗೆ ಬಿಟ್ಟರೆ ಮಣ್ಣಿನ ಭಾರ ಇಳಿಯಬಹುದು ಎಂದು ಗುತ್ಯಪ್ಪ ಹೇಳಿದ. ನಮ್ಮ ಯೋಜನೆಯ ನಿಯಮದ ಪ್ರಕಾರ, ಹಣ ಕೊಡುವ ಸರ್ಕಾರದ ತಪಾಸಣೆ ಆಗುವವರೆಗೆ ಗುಂಡಿಯನ್ನು ಮುಟ್ಟುವಂತಿರಲಿಲ್ಲ. ನಮ್ಮ ಸಂಸ್ಥೆಯ ಸಂಯೋಜಕರಿಗೆ ಫೋನು ಮಾಡಿದೆ. ದಿನ್ನೆಯ ಮೇಲೆ ಒಂದು ಕಡೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. "ಒಡೆದರೆ ಕೆಲಸವೇ ಆಗಿಲ್ಲ ಅಂತ ಬರೀತಾರೆ. ಮೂರೂ ತಾಲೂಕಿನ ಯೋಜನೆ ನಿಲ್ಲುತ್ತೆ. ತಜ್ಞರನ್ನ ಕೇಳಿ ಹೇಳ್ತೀನಿ, ಕಾಯಿರಿ," ಎಂದರು. ನಾನು ಕಾದೆ. ಕೊಡೆ ಹಿಡಿದು ಆ ದಿನ್ನೆಯ ಮೇಲೆ ಮಧ್ಯಾಹ್ನದಿಂದ ಸಂಜೆಯವರೆಗೆ ನಿಂತೆ.

ಇದನ್ನು ನಾನು ಮೃದುವಾಗಿ ಬರೆಯಲಾರೆ. ಆ ಅರ್ಧ ದಿನ ನನ್ನದಲ್ಲ, ಕೆಳಗಿನ ಏಳು ಮನೆಗಳದ್ದು. ದೂರದ ಅನುಮತಿಗಾಗಿ ಹತ್ತಿರದ ಅಪಾಯವನ್ನು ಕಾಯಿಸುವ ಆಡಳಿತವನ್ನು ನಾನು ಎಷ್ಟೋ ಬಾರಿ ಖಂಡಿಸಿದ್ದೆ. ಆ ದಿನ ಆ ಆಡಳಿತ ನಾನೇ ಆಗಿದ್ದೆ.

ಹೊತ್ತು ಇಳಿಯುವಾಗ ಗುತ್ಯಪ್ಪ ಗುದ್ದಲಿ ಹೆಗಲಿಗಿಟ್ಟು ಬಂದ. ಹಿಂದೆ ಕೇರಿಯ ಒಂಬತ್ತು ಹತ್ತು ಜನ, ಬಂಗಾರಮ್ಮನೂ ಇದ್ದಳು. ಎಲ್ಲರ ತಲೆಯ ಮೇಲೂ ಗೊಬ್ಬರದ ಚೀಲದ ಕೊಪ್ಪೆ.

"ಫೋನ್ ಬಂತನ್ರಾ ಅಕ್ಕೋರೆ?"

"ಇನ್ನೂ ಇಲ್ಲರೀ."

"ಗುಡ್ಡೆ ಫೋನ್ ಎತ್ತಾದಿಲ್ಲ. ನಾವ್ ಹೋಗ್ತೀವಿ. ನೀವ್ ಹೇಳಿದ್ರಿ ಅಂತ ಯಾರಿಗೂ ಹೇಳಾದಿಲ್ಲ, ಬಿಡಿ."

ಆ ಕೊನೆಯ ಮಾತು ಕರುಣೆಯದಾಗಿತ್ತು, ಅದಕ್ಕೇ ಚುಚ್ಚಿತು. ನನ್ನನ್ನು ಉಳಿಸುವ ಯೋಚನೆ ಅವರಿಗೆ ಇತ್ತು. "ನಾನೇ ಹೇಳೀನಿ ಅಂತ ಹೇಳ್ರಿ," ಎಂದು ಅವರ ಹಿಂದೆ ಹತ್ತಿದೆ.

ಬೆಳಕಿರುವವರೆಗೆ, ಮತ್ತೆ ಮರುದಿನ ಬೆಳಗಿನಿಂದ ಸಂಜೆಯವರೆಗೆ ಕೆಲಸ ನಡೆಯಿತು. ಗುಂಡಿಯ ಬದಿ ಕಡಿದಾಗ ನೀರು ಒಮ್ಮೆಗೆ ನುಗ್ಗಿ ಕಾಲು ಸೆಳೆಯುತ್ತಿತ್ತು. ಆದ್ದರಿಂದ ಇಬ್ಬರು ಒಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿಯಬೇಕಿತ್ತು. ಸೀಳಿನ ಹತ್ತಿರದ ಗುಂಡಿಗಳಿಗೆ ಬಂಗಾರಮ್ಮ ಯಾರನ್ನೂ ಬಿಡಲಿಲ್ಲ. ಮರುದಿನ ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಹೆಗಡೆಯವರು ಕೊಡೆ ಹಿಡಿದು ಹೆಂಡತಿಯೊಂದಿಗೆ ಬಂದರು. ಸೀಳನ್ನು ನೋಡಿದರು. ಹೆಂಡತಿಯ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ, "ಅಪ್ಪಯ್ಯ ಈ ಬೆಟ್ಟದಲ್ಲಿ ಹೊಂಡ ತೆಗೆಯಲೆ ಬಿಡ್ತಿದ್ನಿಲ್ಲೆ. ಆನು ಮರ್ತೇಬಿಟ್ಟಿದ್ದಿ," ಎಂದರು.

"ನಿಂಗೆ ಬಾವಿ ನೀರಿನ ಚಿಂತೆ," ಎಂದರು ಆಕೆ. "ಮರೆಯದೆ ಎಂತ ಮಾಡ್ತೆ."

ಹೆಗಡೆಯವರು ಕೊಡೆಯನ್ನು ಹೆಂಡತಿಯ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ಕಲ್ಲಿನ ತಡೆ ಕೀಳಲು ಕೂತರು. ಗುತ್ಯಪ್ಪ, "ಒಡೆಯಾ, ನೀವ್ ಕೈ ಹಾಕಿದ್ರೆ ನಮ್ಗೆ ನಿಮ್ಮನ್ ನೋಡ್ಕಣದೇ ಒಂದ್ ಕೆಲ್ಸ," ಎಂದ. ಎಲ್ಲರೂ ನಕ್ಕರು, ಅವರೂ ನಕ್ಕರು. ಅವರು ಸಂಜೆಯವರೆಗೆ ಅಲ್ಲೇ ಇದ್ದರು. ಅವರನ್ನು ಕೆಟ್ಟವರೆನ್ನಲು ನನಗೆ ಕಾರಣವಿಲ್ಲ. ಒಬ್ಬರ ಒಪ್ಪಿಗೆ ಸಾಕು, ಹತ್ತು ಜನರ ಅನುಭವ ಬೇಡ ಎನ್ನುವ ವ್ಯವಸ್ಥೆ ಒಳ್ಳೆಯವರ ಮೂಲಕವೂ ನಡೆಯುತ್ತದೆ ಎಂದಷ್ಟೇ ಹೇಳುತ್ತೇನೆ.

ಐವತ್ತಕ್ಕೂ ಕಡಿಮೆ ಗುಂಡಿಗಳನ್ನು ಒಡೆಯಲು ಸಾಧ್ಯವಾಯಿತು. ಓರೆಗಾಲುವೆ ಮತ್ತೆ ಹರಿಯಿತು. ಸಂಯೋಜಕರ ಫೋನು ಆ ಸಂಜೆ ಬಂತು. ತಜ್ಞರು ಊರಲ್ಲಿಲ್ಲ ಎಂದರು. ಅಷ್ಟು ಹೊತ್ತಿಗೆ ಹೇಳಲು ನನ್ನ ಹತ್ತಿರ ಒಂದೇ ಸುದ್ದಿ ಇತ್ತು, ಹೇಳಿದೆ. ಅವರು ಫೋನಿಟ್ಟರು.

ಮರುದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಶಾಲೆಯ ಜಗಲಿಯಲ್ಲಿ ಮಕ್ಕಳು ಅವಲಕ್ಕಿ ತಿನ್ನುತ್ತಿದ್ದಾಗ, ಲಾರಿಯಿಂದ ಜಲ್ಲಿ ಸುರಿದಂಥ ಸದ್ದು ಕೇಳಿಸಿತು. ಜಲ್ಲಿ ಸುರಿದು ಮುಗಿಯುತ್ತದೆ. ಈ ಸದ್ದು ಮುಗಿಯಲಿಲ್ಲ. ಯಾರೂ ಓಡಲಿಲ್ಲ. ಬಂಗಾರಮ್ಮ ಎದ್ದು ನಿಂತು, ಜನರನ್ನು ಎಣಿಸಿ, ಕೂತಳು. ಮಳೆ ತಗ್ಗಿದ ಮೇಲೆ ಹೋಗಿ ನೋಡಿದೆವು. ಗುಡ್ಡದ ಮೈ ಒಂದು ಕಡೆ ಸುಲಿದು ಒಳಗಿನ ಬಿಳುಪು ಕಾಣುತ್ತಿತ್ತು. ಕೆಂಪು ಮಣ್ಣು, ಮರ, ಬಿಳಿ ಕೆಸರು ಒಟ್ಟಾಗಿ ಇಳಿದು ಬಂಗಾರಮ್ಮನ ಮನೆಯನ್ನು ಮುಚ್ಚಿ, ಪಕ್ಕದ ಮನೆಯ ಬೇಲಿಗೆ ಬಂದು ನಿಂತಿತ್ತು. ಅವಳ ಮನೆಯ ಮಾಡಿನ ಒಂದು ಮೂಲೆ ಮಾತ್ರ ಹೊರಗಿತ್ತು. ಆರು ಮನೆ ಉಳಿದವು. ಗುಂಡಿ ಒಡೆದದ್ದರಿಂದ ಉಳಿದವೇ ಎಂದು ಆಮೇಲೆ ಒಬ್ಬ ಭೂವಿಜ್ಞಾನಿಯನ್ನು ಕೇಳಿದೆ. ಹೇಳಲಾಗದು ಎಂದರು. ಗುಂಡಿ ತೋಡದಿದ್ದರೆ ಜಾರುತ್ತಿತ್ತೇ ಎಂದು ಕೇಳಿದೆ. ಅಂಥ ಮಳೆಗೆ ಅದನ್ನೂ ಖಚಿತವಾಗಿ ಹೇಳಲಾಗದು ಎಂದರು. ನನಗೆ ತಪ್ಪಿಸಿಕೊಳ್ಳಲು ಆ ಉತ್ತರ ಸಾಕಾಗುತ್ತಿತ್ತು. ಅದನ್ನು ಹಾಗೆ ಬಳಸುವುದಿಲ್ಲ.

ಕಂದಾಯ ಇಲಾಖೆಯಿಂದ ಒಬ್ಬರು ಬಂದು ನೋಡಿದರು. ಒಳ್ಳೆಯ ಮಾತಿನ ಮನುಷ್ಯ. "ಮನೆ ಸಂಖ್ಯೆ ಹೇಳಿ," ಎಂದರು. ಇಲ್ಲ ಎಂದೆವು. "ಹಕ್ಕುಪತ್ರ?" ಇಲ್ಲ. "ಮತ್ತೆ ಇಲ್ಲಿ ಏನು ಬಿತ್ತು ಅಂತ ಬರೀಲಿ ಅಮ್ಮಾ? ಕಾಗದದಲ್ಲಿ ಇಲ್ಲಿ ಕಾಡಿದೆ." ಕಾಡಿನಲ್ಲಿ ಮಣ್ಣು ಜಾರಿದೆ ಎಂದು ಬರೆದುಕೊಂಡು ಹೋದರು. ಹೀಗೆ ಆ ಮನೆ ಬಿದ್ದೇ ಇಲ್ಲ ಎಂದಾಯಿತು. ದೇಶ ದೇಶಗಳ ಸಭೆಗಳಲ್ಲಿ ನಷ್ಟಕ್ಕೆ ಪರಿಹಾರ ಯಾರು ಕೊಡಬೇಕೆಂದು ಚರ್ಚೆ ನಡೆಯುತ್ತದೆ. ಪರಿಹಾರ ತಲುಪುವ ಮೊದಲು ನಷ್ಟ ದಾಖಲಾಗಬೇಕು, ನಷ್ಟ ದಾಖಲಾಗಲು ಮನೆ ಇದ್ದಿರಬೇಕು. ಇದ್ದ ಮನೆಯನ್ನು ಇಲ್ಲವೆನ್ನುವ ಕಾನೂನು ಗುಡ್ಡಕ್ಕಿಂತ ಮೊದಲೇ ಅವಳ ಮೇಲೆ ಬಿದ್ದಿತ್ತು. ಉಳಿದ ಆರು ಮನೆಗಳ ಮೇಲೆ ಅದು ಈಗಲೂ ಬಿದ್ದಿತ್ತು: ಮುಂದಿನ ಮಳೆಗೆ ಮೊದಲು ಅವರಿಗೆ ಬೇರೆ ಜಾಗ ಕೊಡಿ ಎಂದು ಕೇಳಲು, ಅವರು ಅಲ್ಲಿದ್ದಾರೆ ಎನ್ನುವ ಪುರಾವೆಯೇ ಇರಲಿಲ್ಲ.

ಆಶ್ಲೇಷ ಮಳೆ ಮುಗಿಯುವ ಹೊತ್ತಿಗೆ ತಪಾಸಣೆಯ ಇಂಜಿನಿಯರ್ ಬಂದರು. ಜೀಪಿನಲ್ಲಿ ಸರ್ಕಾರಿ ಮುದ್ರೆಯ ಪೆಟ್ಟಿಗೆ, ಅಳತೆಯ ಟೇಪು, ಒಂದೊಂದು ಗುಂಡಿಗೂ ಒಂದೊಂದು ಸಾಲಿರುವ ನಮೂನೆ. ಹಿಂದಿನ ದಿನ ಸಂಯೋಜಕರು ನನಗೆ ಒಂದು ದಾರಿ ಹೇಳಿದ್ದರು: ಅತಿವೃಷ್ಟಿಯಿಂದ ಗುಂಡಿಗಳು ನಾಶವಾದವು ಎಂದು ಬರೆದರೆ ಯಾರ ತಲೆಗೂ ಬರುವುದಿಲ್ಲ, ಬೇರೆ ಊರುಗಳ ಕೆಲಸ ಮುಂದುವರಿಯುತ್ತದೆ. ಬೇರೆ ಊರುಗಳ ಪಟ್ಟಿಯಲ್ಲಿ ಇಂಥವೇ ಮೂರು ಗುಡ್ಡಗಳಿದ್ದವು. ನಾನು ಇಂಜಿನಿಯರಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಜಾಗ ತಪ್ಪು, ಮಣ್ಣು ನೋಡಿದ್ದು ತಪ್ಪು ಕಡೆ, ಎಚ್ಚರಿಕೆ ಬಂದಿತ್ತು, ಕೇಳಲಿಲ್ಲ, ಕೊನೆಗೆ ನನ್ನ ಒಪ್ಪಿಗೆಯ ಮೇಲೆ ಒಡೆಯಲಾಯಿತು.

ಅವರು ಕನ್ನಡಕ ತೆಗೆದು ಒರೆಸಿದರು. "ಹೀಗೆ ಬರೆದರೆ ನಿಮ್ಮ ಕೆಲಸ ಉಳಿಯೋದಿಲ್ಲ ಮೇಡಂ."

"ಗೊತ್ತದರಿ. ಬರೀರಿ."

ಅವರು ಶಾಲೆಯ ಜಗಲಿಯ ಬೆಂಚಿನ ಮೇಲೆ ನಮೂನೆ ಹರಡಿ ಬರೆಯತೊಡಗಿದರು. ಕೇರಿಯವರು ಸುತ್ತ ನಿಂತಿದ್ದರು. ಬಂಗಾರಮ್ಮ ಜಗಲಿ ಹತ್ತಿ ಬೆಂಚಿನ ಇನ್ನೊಂದು ತುದಿಗೆ ಕೂತಳು. ಕಾಗದ ನೋಡಿ, "ಇದ್ರಾಗೆ ಎಂತ ಬರೀತೀರಿ ಸ್ವಾಮಿ?" ಎಂದು ಕೇಳಿದಳು.

"ಯಾವ ಗುಂಡಿ, ಎಲ್ಲಿತ್ತು, ಏನಾಯ್ತು. ಅಷ್ಟೇ ಅಮ್ಮ."

"ಎಲ್ಲಿತ್ತು ಅಂತ ಹೆಂಗ್ ಬರೀತೀರಿ?"

"ಅರಣ್ಯದಲ್ಲಿ, ಇಳಿಜಾರಿನಲ್ಲಿ ಅಂತ."

"ಗುಡ್ಡೆ ತುಂಬಾ ಇಳಿಜಾರೇ ಐತೆ. ಯಾರಿಗ್ ತಿಳೀತೈತೆ? ಬಂಗಾರಮ್ಮನ ಮನೆ ಮ್ಯಾಲೆ, ಇಷ್ಟ್ ದೂರ ಅಂತ ಬರೀರಿ."

ಇಂಜಿನಿಯರ್ ನಕ್ಕರು. "ಇದು ಗುಂಡಿ ವರದಿ ಅಮ್ಮ. ಮನೆ ವರದಿ ಅಲ್ಲ."

"ಗುಂಡಿ ಎಲ್ಲಿತ್ತು ಅಂತ ಬರೀಬೇಕಲ್ರಾ. ನಮ್ಮನೆ ಮ್ಯಾಲಿತ್ತು. ಸುಳ್ಳಾ?"

ಸುಳ್ಳಲ್ಲ ಎಂದು ಗುತ್ಯಪ್ಪ ಹೇಳಿದ. ಹೆಗಡೆಯವರು ಅಂಗಳದಲ್ಲಿ ನಿಂತಿದ್ದರು. ಅವರ ಕಡೆ ಎಲ್ಲರೂ ನೋಡಿದರು, ಅವಳೊಬ್ಬಳು ನೋಡಲಿಲ್ಲ. "ಸುಳ್ಳೆಂತಕ್ಕೆ, ಹುಟ್ಟಿದಾಗಿಂದ ನೋಡಿದ್ದೇನೆ ಆ ಮನೆ," ಎಂದರು ಹೆಗಡೆಯವರು. "ಸಾಕ್ಷಿ ಬೇಕಾದ್ರೆ ನನ್ನ ಸಹಿ ಹಾಕ್ಕೊಳ್ಳಿ."

ಇಂಜಿನಿಯರ್ ಅದನ್ನು ಸ್ಥಳದ ಗುರುತು ಎಂಬ ಕಾಲಮಿನಲ್ಲಿ ಬರೆದರು. ಮುಗಿಸಿ ಓದಿ ಹೇಳಿದರು. ಬಂಗಾರಮ್ಮ ತಲೆಯಾಡಿಸಿ, "ಎರಡ್ನೇ ಸಾಲಿನ ಗುಂಡಿ ಗುತ್ಯಪ್ಪನ ಮನೆ ಮ್ಯಾಲಿತ್ತು. ಅದ್ನೂ ಹಂಗೇ ಬರೀರಿ," ಎಂದಳು.

"ಆ ಮನೆ ಬಿದ್ದಿಲ್ಲವಲ್ಲ."

"ಬೀಳಾಕ್ ಮುಂಚೆ ಬರೀರಿ ಅಂತಾನೇ ಹೇಳಾದು."

ಇಂಜಿನಿಯರ್ ಟೇಪು ತರಿಸಿದರು. ಗುತ್ಯಪ್ಪ ಒಂದು ತುದಿ ಹಿಡಿದು ಗುಡ್ಡ ಹತ್ತಿದ, ನಾನು ಇನ್ನೊಂದು ತುದಿಯನ್ನು ಒಂದೊಂದೇ ಮನೆಯ ಹಿಂಗೋಡೆಗೆ, ಬಂಗಾರಮ್ಮನದಕ್ಕೆ ಮಣ್ಣಿನಿಂದ ಹೊರಗುಳಿದ ಮಾಡಿನ ಮೂಲೆಗೆ, ಒತ್ತಿ ಹಿಡಿದೆ. ಮಧ್ಯಾಹ್ನ ಕಳೆಯುವವರೆಗೆ ಏಳೂ ಮನೆಗಳನ್ನು ಅಳೆದೆವು. ಬಂಗಾರಮ್ಮ ಪ್ರತಿ ಮನೆಯ ಯಜಮಾನನ ಹೆಸರಿನ ಜೊತೆ ಅವನ ಅಪ್ಪನ, ಅಜ್ಜನ ಹೆಸರನ್ನೂ ಹೇಳಿ ಬರೆಸಿದಳು. ಹೆಗಡೆಯವರು ಪ್ರತಿ ಹಾಳೆಗೂ ಸಹಿ ಹಾಕಿದರು. ನಾನು ಕಾಮಗಾರಿ ವಿಫಲ ಎಂಬ ಸಾಲಿನ ಕೆಳಗೆ ಹಾಕಿದೆ. ಕೊನೆಗೆ ಇಂಜಿನಿಯರ್ ಮುದ್ರೆ ಒತ್ತಿದರು.

ನನ್ನ ಕೆಲಸ ಮುಂದಿನ ತಿಂಗಳು ಹೋಯಿತು. ಆ ಮೂರು ಗುಡ್ಡಗಳಲ್ಲಿ ಗುಂಡಿ ತೋಡಲಿಲ್ಲ. ಪುನರ್ವಸತಿಯ ಅರ್ಜಿಗೆ ಆ ವರದಿಯ ನಕಲನ್ನು ಲಗತ್ತಿಸಿ ಕೊಟ್ಟೆವು. ಏಳು ಮನೆಗಳು ಆ ಗುಡ್ಡದಡಿ ಇವೆ ಎಂದು ಸರ್ಕಾರದ ಮುದ್ರೆಯೊಂದಿಗೆ ಹೇಳುವ ಮೊದಲ ಕಾಗದ ಅದು. ಮೊದಲ ಸಲ ಅರ್ಜಿ ಹಿಂದಕ್ಕೆ ಬಂತು. ಎರಡನೆಯ ಸಲ ಅಧಿಕಾರಿಗಳು ಜಾಗ ನೋಡಲು ಬಂದರು. ರಸ್ತೆಯ ಬದಿಯ ಸಮತಟ್ಟಿನಲ್ಲಿ ಏಳು ನಿವೇಶನಗಳಿಗೆ ಗೂಟ ಹೊಡೆದಿದ್ದಾರೆ. ಹಕ್ಕುಪತ್ರ ಇನ್ನೂ ಬಂದಿಲ್ಲ. ಬಂಗಾರಮ್ಮ ಕಾಯಲಿಲ್ಲ; ಮೊದಲ ಗೂಟದ ಬಳಿ ತಗಡಿನ ಮಾಡು ಹಾಕಿ, ಮಳೆ ಜೋರಾದ ದಿನ ಉಳಿದ ಆರು ಮನೆಯವರೂ ಬಂದು ಮಲಗುವಷ್ಟು ಉದ್ದ ಬಿಟ್ಟು, ಅಲ್ಲಿದ್ದಾಳೆ.